‘ಮೊದಲು ಕಚ್ಚುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ’: ಚಪ್ಪಲಿ, ಬೂಟಿನ ಅಳತೆಯ ಮಾತುಗಳಲ್ಲಿ ಎಷ್ಟು ನಿಜ?

ಹೊಸ ಚಪ್ಪಲಿ ಕೊಳ್ಳುವವರಿಗೆ ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಮೂರು ಬುದ್ಧಿಮಾತು ಪುಕ್ಕಟೆ ಸಿಗುತ್ತವೆ. ಅಂಗಡಿಯವರು ಹೇಳುತ್ತಾರೆ, ಮನೆಯ ಹಿರಿಯರು ಹೇಳುತ್ತಾರೆ, ಈಗ ವಾಟ್ಸ್‌ಆ್ಯಪ್ ಗ್ರೂಪುಗಳೂ ಹೇಳುತ್ತವೆ. ‘ಬಿಗಿ ಇದ್ರ ಚಿಂತಿ ಬ್ಯಾಡ, ಹಾಕ್ಕೋತ ಹೋದಂಗ ಸಡ್ಲ ಆಗ್ತಾವ.’ ‘ಬೆಳೆಯೋ ಹುಡುಗರಿಗೆ ಎರಡು ನಂಬರ್ ದೊಡ್ಡದು ತಗೋರಿ.’ ‘ಶುಗರ್ ಇದ್ದವರು ಬರಿಗಾಲಲ್ಲಿ ಕಲ್ಲು, ಮಣ್ಣಿನ ಮೇಲೆ ನಡೆದರೆ ಶುಗರ್ ಇಳಿಯುತ್ತದೆ.’

ಮೊದಲನೆಯದು ಅರ್ಧ ನಿಜ. ಎರಡನೆಯದು ತಪ್ಪು. ಮೂರನೆಯದು ನಿಮ್ಮ ಫೋನಿಗೂ ಬಂದಿದ್ದರೆ, ಮುಂದೆ ಕಳಿಸುವ ಮೊದಲು ಇದನ್ನು ಪೂರ್ತಿ ಓದಿ.

ನಂಬರ್ ಅಂದರೆ ಏನು?

‘ನನ್ನದು ಎಂಟು ನಂಬರ್’ ಅನ್ನುತ್ತೇವೆ. ಆದರೆ ಆ ಎಂಟು ಯಾವುದರ ಅಳತೆ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಕಾಲದ ಲೆಕ್ಕ. ಅದರಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಒಂದು ಕಾಲದಲ್ಲಿ ಇದನ್ನು ಒಂದು ಬಾರ್ಲಿ ಕಾಳಿನ ಉದ್ದ ಎಂದು ಎಣಿಸುತ್ತಿದ್ದರಂತೆ. 41, 42 ಎಂದು ಬರೆದಿರುವುದು ಯುರೋಪಿನ ಲೆಕ್ಕ, ಅಲ್ಲಿ ಒಂದು ಹೆಜ್ಜೆಗೆ ಆರೂಮುಕ್ಕಾಲು ಮಿಲಿಮೀಟರ್‌ಗಿಂತ ತುಸು ಕಡಿಮೆ. ಎರಡೂ ಲೆಕ್ಕ ಹೇಳುವುದು ಉದ್ದವನ್ನು ಮಾತ್ರ. ಪಾದದ ಅಗಲದ ಬಗ್ಗೆ ಆ ನಂಬರ್ ಏನನ್ನೂ ಹೇಳುವುದಿಲ್ಲ.

ನಮ್ಮ ತೊಂದರೆ ಇರುವುದೇ ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಅದರಲ್ಲಿ ಕಂಡುಬಂತು. ಆ ಸಮೀಕ್ಷೆಯ ಆಧಾರದ ಮೇಲೆ ‘ಭಾ’ ಎಂಬ ಹೊಸ ಭಾರತೀಯ ಅಳತೆಯ ಪ್ರಸ್ತಾಪವೂ ಆಗಿದೆ. ಸಪೂರ ಬೂಟಿನಲ್ಲಿ ಅಗಲ ಪಾದ ತೂರಿಸಲು ನಾವು ಮಾಡುವ ಉಪಾಯವೇ ‘ಒಂದು ನಂಬರ್ ದೊಡ್ಡದು ಕೊಡ್ರಿ’. ಆಗ ಅಗಲ ಸಾಕಾಗುತ್ತದೆ, ಉದ್ದ ಹೆಚ್ಚಾಗುತ್ತದೆ. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತದೆ, ಪಾದ ಮುಂದೆ ಜಾರುತ್ತದೆ, ಬೆರಳ ತುದಿ ಬೂಟಿಗೆ ಬಡಿಯುತ್ತದೆ. ಅಂದರೆ ದೊಡ್ಡ ಬೂಟೂ ಕಚ್ಚುತ್ತದೆ!

ಹಿಮದ ಮೇಲೆ ಜಾರುವ ಸ್ಕೀ ಬೂಟು ನಮ್ಮ ಎರೆ ಹೊಲಕ್ಕೇನೂ ಬೇಕಾಗಿಲ್ಲ, ಆದರೆ ಅದರ ನಂಬರ್ ಹಾಕುವ ರೀತಿ ನನಗೆ ಇಷ್ಟ. ನಿಮ್ಮ ಪಾದ 26.5 ಸೆಂಟಿಮೀಟರ್ ಇದ್ದರೆ ಬೂಟಿನ ನಂಬರ್ ಕೂಡ 26.5. ಕಾಲಿನ ಅಳತೆಯೇ ನಂಬರ್. ಹಾಗಿದ್ದೂ ಹೊಸಬರು ಅಲ್ಲಿಯೂ ದೊಡ್ಡದನ್ನೇ ಕೊಂಡು ಕಷ್ಟಪಡುತ್ತಾರೆ, ಅಂಗಡಿಯಲ್ಲಿ ಹಾಕಿದಾಗ ಹಾಯೆನಿಸುತ್ತದೆ ಎಂಬ ಒಂದೇ ಕಾರಣಕ್ಕೆ.

ಸಡಿಲ ಆಗುತ್ತದೆಯೇ?

ಚರ್ಮದ್ದಾದರೆ ಸ್ವಲ್ಪ ಆಗುತ್ತದೆ. ನಾವು ಕೊಲ್ಲಾಪುರಿ ಎಂದು ಕರೆಯುವ ಚಪ್ಪಲಿಯನ್ನೇ ನೋಡಿ. ಹೆಸರು ಕೊಲ್ಲಾಪುರದ್ದಾದರೂ ನಮ್ಮದೇ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ತಲೆಮಾರುಗಳಿಂದ ಅದನ್ನು ಹೊಲಿಯುತ್ತಿದ್ದಾರೆ. ಅದಕ್ಕೆ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಗಿಡಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಈ ಚರ್ಮ ಹೊಸದರಲ್ಲಿ ಗಟ್ಟಿ. ಕಾಲಿನ ಬಿಸಿ, ಬೆವರು, ಸ್ವಲ್ಪ ಎಣ್ಣೆ ತಾಗಿದ ಮೇಲೆ ಪಟ್ಟಿ ಮೆತ್ತಗಾಗಿ ಪಾದದ ಆಕಾರಕ್ಕೆ ಬಾಗುತ್ತದೆ. ಆದರೆ ಅಟ್ಟೆ ಉದ್ದವಾಗುವುದಿಲ್ಲ. ಹಿಮ್ಮಡಿ ಇವತ್ತು ಹೊರಗೆ ಚಾಚಿದ್ದರೆ ಮುಂದಿನ ವರ್ಷವೂ ಹೊರಗೇ. ಇನ್ನು ರೆಕ್ಸಿನ್, ಪ್ಲಾಸ್ಟಿಕ್ ಚಪ್ಪಲಿ ಇಷ್ಟೂ ಹೊಂದಿಕೊಳ್ಳುವುದಿಲ್ಲ, ಅಲ್ಲಿ ಹೊಂದಿಕೊಳ್ಳುವುದು ನಿಮ್ಮ ಚರ್ಮ. ಅದನ್ನೇ ಆಣಿ ಎನ್ನುತ್ತೇವೆ.

ಮಕ್ಕಳ ವಿಷಯ ಬೇರೆ. ಅದೇ ಸಮೀಕ್ಷೆಯ ಪ್ರಕಾರ ಹುಡುಗಿಯರ ಪಾದ ಹೆಚ್ಚು ಬೆಳೆಯುವುದು 11ರ ಆಸುಪಾಸಿನಲ್ಲಿ, ಹುಡುಗರದು 15–16ರಲ್ಲಿ. ಹೀಗಾಗಿ ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡುವುದು ಸರಿ. ಎರಡು ನಂಬರ್ ದೊಡ್ಡದು ಅಂದರೆ ಅದರ ಮೇಲೆ ಇನ್ನೂ ಹದಿನೇಳು ಮಿಲಿಮೀಟರ್. ಆಗ ಬೂಟು ಬಾಗುವ ಜಾಗವೂ ಪಾದ ಬಾಗುವ ಜಾಗವೂ ಒಂದೇ ಆಗಿರುವುದಿಲ್ಲ. ಹುಡುಗ ಬೂಟು ಬೀಳದಂತೆ ಬೆರಳು ಮಡಚಿ ಹಿಡಿದುಕೊಂಡು ನಡೆಯುತ್ತಾನೆ. ಶೂ ಭಾಗ್ಯಕ್ಕೆ ಶಾಲೆಯಲ್ಲಿ ಅಳತೆ ಕೇಳಿದರೆ ಅಂದಾಜಿನಲ್ಲಿ ಹೇಳಬೇಡಿ, ಕಾಲು ಅಳೆದೇ ಹೇಳಿ.

ಅಳೆಯುವುದು ಹೇಗೆ

ಊರಿನಲ್ಲಿರುವ ಹಿರಿಯರಿಗೆ, ಬೈಲಹೊಂಗಲಕ್ಕೋ ರಾಮದುರ್ಗಕ್ಕೋ ಪೇಟೆಗೆ ಹೋದವರು ಚಪ್ಪಲಿ ತರುವುದು ವಾಡಿಕೆ. ದಾರದಲ್ಲೋ ಕಡ್ಡಿಯಲ್ಲೋ ಅಳತೆ ಒಯ್ಯುತ್ತಾರೆ. ದಾರ ಹೇಳುವುದು ಉದ್ದ ಮಾತ್ರ, ಅದರ ಬದಲು ಕಾಗದ ಒಯ್ಯಿರಿ. ನೆಲದ ಮೇಲೆ ಕಾಗದ ಹಾಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ. ಕುಳಿತು ಅಳೆಯಬೇಡಿ, ಮೈಭಾರ ಬಿದ್ದಾಗ ಪಾದ ಉದ್ದವೂ ಅಗಲವೂ ಆಗುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಿರಿ, ಎರಡೂ ಕಾಲಿಗೆ. ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುವುದು ಸಾಮಾನ್ಯ, ಕೊಳ್ಳಬೇಕಾದದ್ದು ದೊಡ್ಡ ಪಾದಕ್ಕೆ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ, ಆಗ ಅದರ ತುದಿಯವರೆಗೆ ಅಳೆಯಿರಿ.

‘ಸಂಜೆ ಹೊತ್ತಿಗೇ ಕೊಳ್ಳಬೇಕು’ ಎಂಬ ಫಾರ್ವರ್ಡ್ ಕೂಡ ಓಡಾಡುತ್ತಿರುತ್ತದೆ. ಅದು ನಿಜವೇ. ದಿನವಿಡೀ ನಿಂತು ಓಡಾಡಿದ ಪಾದ ಬೆಳಗಿನಕ್ಕಿಂತ ಸ್ವಲ್ಪ ಊದಿರುತ್ತದೆ.

ಅಂಗಡಿಯಲ್ಲಿ ಆ ಕಾಗದದ ಆಕಾರ ಕತ್ತರಿಸಿ ಚಪ್ಪಲಿಯ ಮೇಲೆ ಇಡಿ. ಕಾಗದ ಅಂಚು ದಾಟಿ ಹೊರಬಂದರೆ ಪಾದವೂ ಬರುತ್ತದೆ. ಬೂಟಾದರೆ ಒಳಗಿನ ಸೋಲ್ ಹೊರತೆಗೆದು ಅದರ ಮೇಲೆ ಇಟ್ಟು ನೋಡಬಹುದು.

ಕಾಲೇ ಸುಮ್ಮನಾದಾಗ

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಚ್ಚಿದರೆ ನೋಯುವ ಕಾಲಿನ ಮಾತು. ನನ್ನ ಸಂಬಂಧಿಕರೊಬ್ಬರು ಜಾತ್ರೆಗೆಂದು ಹೊಸ ಚಪ್ಪಲಿ ತಂದಿದ್ದರು, ಹದಿನೈದು ವರ್ಷದ ಶುಗರ್. ಸಂಜೆ ಮನೆಗೆ ಬಂದಾಗ ಪಡಸಾಲೆಯ ಫರಸಿಯ ಮೇಲೆ ಕಲೆ ಕಂಡಿದ್ದು ಮೊಮ್ಮಗಳಿಗೆ. ‘ಅಜ್ಜಾ, ನಿಮ್ಮ ಕಾಲಿಗೆ ರಕ್ತ ಹತ್ತೇತಿ’ ಎಂದರೆ, ‘ನನಗೇನೂ ನೋವಿಲ್ಲ ಬಿಡವ್ವಾ’ ಎಂದರು. ಕಿರುಬೆರಳ ಬುಡದಲ್ಲಿ ಬೊಬ್ಬೆ ಒಡೆದಿತ್ತು. ನೋವಿಲ್ಲ ಎಂದು ನಾಲ್ಕು ದಿನ ಬಿಟ್ಟರು. ಆ ಬೆರಳು ಈಗ ಇಲ್ಲ.

ಬಹಳ ಕಾಲ ಸಕ್ಕರೆ ಅಂಶ ಹೆಚ್ಚಿದ್ದರೆ ಪಾದದ ನರಗಳು ಹಾಳಾಗುತ್ತವೆ. ಜೋಮು, ಉರಿಯಿಂದ ಶುರುವಾಗಿ ಕ್ರಮೇಣ ಸ್ಪರ್ಶವೇ ತಿಳಿಯುವುದಿಲ್ಲ. ರಕ್ತದ ಓಡಾಟವೂ ಕಡಿಮೆಯಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ನೋವು ತಿಳಿಯದ ಕಾಲು ಹೇಗೆ ಹಾಳಾಗುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದರು. ನೋವು ಗೊತ್ತಾಗದ್ದರಿಂದ ಆದ ಸಣ್ಣ ಸಣ್ಣ ಗಾಯಗಳೇ ಅದಕ್ಕೆ ಕಾರಣ ಎಂದು ಅವರು ತೋರಿಸಿದರು. ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಬಳಕೆಗೆ ಬಂದಿದ್ದು ಆ ರೋಗಿಗಳಿಗಾಗಿ. ಇವತ್ತು ಶುಗರ್ ಇದ್ದವರಿಗೆ ವೈದ್ಯರು ಬರೆದುಕೊಡುವುದೂ ಅದನ್ನೇ.

ಇಂಥವರಿಗೆ ‘ಹಾಕಿ ನೋಡಿ, ಹೇಗೆನಿಸುತ್ತದೆ’ ಎಂಬ ಪರೀಕ್ಷೆ ಕೆಲಸಕ್ಕೆ ಬಾರದು. ಬಿಗಿ ಇದ್ದರಷ್ಟೇ ಕಾಲಿನಲ್ಲಿ ಏನೋ ಇದೆ ಎಂದು ತಿಳಿಯುವುದರಿಂದ ಅವರು ಬಿಗಿಯಾದದ್ದನ್ನೇ ಆರಿಸುವುದೂ ಉಂಟು. ಮಧುಮೇಹದ ಪಾದದ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಇಷ್ಟು: ಬೂಟಿನ ಒಳ ಉದ್ದ ಪಾದಕ್ಕಿಂತ 1–2 ಸೆಂಟಿಮೀಟರ್ ಹೆಚ್ಚಿರಬೇಕು, ಬೆರಳ ಬುಡದಲ್ಲಿ ಪಾದ ಎಷ್ಟು ಅಗಲವೋ ಅಷ್ಟೇ ಅಗಲವಿರಬೇಕು, ಬೆರಳುಗಳಿಗೆ ಮೇಲೂ ಜಾಗ ಬೇಕು, ನಿಂತು ನೋಡಬೇಕು. ಇದರ ಜೊತೆಗೆ ಹಿಂದೆ ಪಟ್ಟಿ ಇರಲಿ, ಉಂಗುಟ ಇರುವುದು ಬೇಡ. ಅದು ಬೆರಳ ಸಂದಿ ಉಜ್ಜುತ್ತದೆ, ಹಿಂದಿನ ಪಟ್ಟಿಯಿಲ್ಲದಿದ್ದರೆ ಚಪ್ಪಲಿ ಜಾರಿ ಹೋದದ್ದೂ ತಿಳಿಯದು. ಹಾಕುವ ಮೊದಲು ಒಳಗೆ ಕೈಯಾಡಿಸಿ, ಜಾಲಿಮುಳ್ಳು, ಹರಳು ಸಿಗಬಹುದು. ಹೊಸತನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ತೆಗೆದು ಪಾದ ನೋಡಿ. ಕೆಂಪಾದ ಗುರುತು ಹಾಗೇ ಉಳಿದಿದ್ದರೆ ಆ ಚಪ್ಪಲಿ ಬೇಡ. ಮಾರ್ಗಸೂಚಿಯ ಇನ್ನೊಂದು ಮಾತು: ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ನಡಿಗೆಯಿಂದ ಶುಗರ್ ಹತೋಟಿಗೆ ಬರುವುದು ನಿಜ, ಆದರೆ ಆ ಲಾಭ ನಡಿಗೆಯದು, ಬರಿಗಾಲಿನದಲ್ಲ.

ಹಾಗಾದರೆ ಯಲ್ಲಮ್ಮನ ಗುಡ್ಡದ ಹರಕೆ? ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬೈಲಹೊಂಗಲದಿಂದ ಹೊರಟರೆ ಮೂವತ್ತು ಕಿಲೋಮೀಟರಿಗೂ ಮೀರಿದ ಹಾದಿ. ಕಿತ್ತೂರಿನಿಂದ ಬರುವವರಿಗೆ ಇನ್ನೂ ದೂರ. ನಡೆಯಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳಿದರೂ ನಮ್ಮ ಮನೆಯವರೇ ಕೇಳುವುದಿಲ್ಲ. ಶುಗರ್ ಇರುವವರು ಹೊರಡುವ ಮೊದಲು ವೈದ್ಯರ ಬಳಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ‘ಗೊತ್ತಾಯಿತೇ’ ಎಂದು ಕೇಳುತ್ತಾರೆ, ಐದು ನಿಮಿಷದ ಕೆಲಸ, ನೋವಿಲ್ಲ. ಗೊತ್ತಾಗದಿದ್ದರೆ ದಾರಿಯುದ್ದಕ್ಕೂ ಹಳೆಯ, ರೂಢಿಯಾದ ಚಪ್ಪಲಿ ಇರಲಿ. ಗುಡಿಯ ಮುಂದೆ ಬಿಟ್ಟ ಮೇಲೆ ಕಲ್ಲುಹಾಸು ಕಾದಿರುವ ಮಧ್ಯಾಹ್ನದ ಬದಲು ಬೆಳಗ್ಗೆ ದರ್ಶನ ಮಾಡಿ. ರಾತ್ರಿ ತಂಗಿದಲ್ಲಿ ಜೊತೆಯವರೊಬ್ಬರು ಬ್ಯಾಟರಿ ಹಿಡಿದು ಅಂಗಾಲು, ಬೆರಳ ಸಂದಿ ನೋಡಲಿ. ಬೊಬ್ಬೆ ಕಂಡರೆ ಒಡೆಯಬೇಡಿ, ಸುಣ್ಣ, ಅರಿಶಿಣ ಮೆತ್ತಬೇಡಿ. ಸ್ವಚ್ಛ ಬಟ್ಟೆ ಸುತ್ತಿ, ಮರುದಿನ ನಡಿಗೆ ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ತೋರಿಸಿ, ನೋವಿರಲಿ, ಇಲ್ಲದಿರಲಿ.