ಹತ್ತರಲ್ಲಿ ಎಂಟು

ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ಎರಡು ಸಾವಿರ ಸೇರಿದರೂ ಒಂದು ಗ್ರಾಂ ತೂಗುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಮೇಯುತ್ತಾ, ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಕಳಚುತ್ತಾ, 25 ದಿನದ ಆಸುಪಾಸಿನಲ್ಲಿ ಅದರಲ್ಲಿ ಒಂದೊಂದೂ ನಾಲ್ಕೈದು ಗ್ರಾಂ ತೂಗುತ್ತದೆ. ಹತ್ತು ಸಾವಿರ ಪಟ್ಟು! ಮೂರು ಕಿಲೋದ ಹಸುಗೂಸು ಹೀಗೆ ಬೆಳೆದರೆ ತಿಂಗಳು ತುಂಬುವ ಮೊದಲೇ 30 ಟನ್ ಆದೀತು. ಜನ್ಮದಲ್ಲಿ ತಿಂದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಕೊನೆಯ ಹಂತದ ಆರೇಳು ದಿನದ್ದೇ.

ಆಮೇಲೆ ಹುಳು ಹಣ್ಣಾಗುತ್ತದೆ. ಮೇವು ಬಿಟ್ಟು ಚಂದ್ರಿಕೆ ಎಂಬ ತಟ್ಟೆ ಸೇರಿ, ಒಳ್ಳೆಯ ತಳಿಯದಾದರೆ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆಯಿಂದ ಗೂಡು ಕಟ್ಟುತ್ತದೆ. ಒಳಗೆ ಅದು ಪ್ಯೂಪಾ ಆಗಿ, ಹುಳುವಿನ ಸ್ನಾಯುಗಳು ಬಹುಪಾಲು ಕರಗಿ, ಮೈಯಲ್ಲಿ ಮೊದಲೇ ಅಡಗಿದ್ದ ರೆಕ್ಕೆಯ ಮೊಳಕೆಗಳು ಬಲಿಯುತ್ತವೆ. ಬಿತ್ತನೆಗೆ ಉಳಿಸಿಕೊಂಡ ಗೂಡಿನಿಂದ ಹೊರಬರುವ ಚಿಟ್ಟೆ ಒಂದು ತುತ್ತೂ ತಿನ್ನುವುದಿಲ್ಲ. ಕೂಡಿ, 400–500 ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ.

ತಿನ್ನುವುದಕ್ಕೊಂದು ದೇಹ, ಸಂತಾನಕ್ಕೊಂದು ದೇಹ. ಈ ಏರ್ಪಾಡಿಗೆ 30 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹೆಸರಿಟ್ಟ ಕೀಟ ಪ್ರಭೇದಗಳು ಸುಮಾರು ಹತ್ತು ಲಕ್ಷ. ಹತ್ತರಲ್ಲಿ ಎಂಟು ಹೀಗೆ ಪ್ಯೂಪಾ ದಾಟಿ ಬರುವಂಥವು. ಜೀರುಂಡೆ ವರ್ಗವೊಂದರಲ್ಲೇ ಸುಮಾರು ನಾಲ್ಕು ಲಕ್ಷ. ಪ್ಯೂಪಾ ಇಲ್ಲದ ಏರೋಪ್ಲೇನ್ ಚಿಟ್ಟೆಗಳದು ಆರು ಸಾವಿರ ಚಿಲ್ಲರೆ. ನಮ್ಮನ್ನೂ ಆನೆ, ಇಲಿ, ಬಾವಲಿಗಳನ್ನೂ ಒಳಗೊಂಡ ಸ್ತನಿಗಳ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಇದರಿಂದ ಏನು ಲಾಭ? ಹೆತ್ತವರಿಗೂ ಮರಿಗಳಿಗೂ ಒಂದೇ ಎಲೆಗಾಗಿ ಪೈಪೋಟಿ ತಪ್ಪಿತು ಎನ್ನುವುದು ರೂಢಿಯ ಉತ್ತರ. ನನಗೆ ಹೆಚ್ಚು ಒಪ್ಪಿತವಾಗುವುದು ವೇಗದ ಮಾತು. ರೆಕ್ಕೆ ಕಟ್ಟುವ ಕೆಲಸವನ್ನು ಮುಂದಕ್ಕೆ ಹಾಕಿದ ಮರಿ ತಿಂದದ್ದನ್ನೆಲ್ಲ ಬೆಳವಣಿಗೆಗೇ ಸುರಿಯಬಲ್ಲದು. ಹಣ್ಣುನೊಣದ ಮರಿ ನಾಲ್ಕೈದು ದಿನದಲ್ಲೇ ಊಟ ಮುಗಿಸುತ್ತದೆ. ಕೊಳೆತ ಹಣ್ಣು ಒಣಗಿಹೋಗುವ ಮೊದಲೇ. ಹೊರಚಾಚಿದ ರೆಕ್ಕೆಯಿಲ್ಲದ ಮೈ ಮರದ ಒಳಗೂ ಸಗಣಿಯೊಳಗೂ ಇನ್ನೊಂದು ಹುಳುವಿನ ಹೊಟ್ಟೆಯೊಳಗೂ ನುಸುಳುತ್ತದೆ. ಅಂಥ ಒಂದೊಂದು ಜಾಗವೂ ಹೊಸ ಪ್ರಭೇದಕ್ಕೆ ನೆಲೆ.

ಈ ಹಂತಗಳನ್ನು ದಾಟುವಾಗ ಪೊರೆ ಕಳಚಲು ಅಪ್ಪಣೆ ಕೊಡುವ ಹಾರ್ಮೋನನ್ನು ಜರ್ಮನಿಯ ವಿಜ್ಞಾನಿಗಳಾದ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಹಿಡಿದದ್ದು ರೇಷ್ಮೆಯ ಪ್ಯೂಪಾಗಳಿಂದಲೇ. 500 ಕಿಲೋ ಪ್ಯೂಪಾ ಸೋಸಿದಾಗ ಕೈಗೆ ಬಂದದ್ದು 25 ಮಿಲಿಗ್ರಾಂ ಹರಳು: ಎರಡು ಕೋಟಿಯಲ್ಲಿ ಒಂದು ಪಾಲು. ಏಡಿ, ಸೀಗಡಿಗಳು ಪೊರೆ ಬಿಡುವುದೂ ಇದೇ ಬಗೆಯ ಹಾರ್ಮೋನಿನ ಅಪ್ಪಣೆಯಿಂದ.