ಅಟ್ಟದ ಮೆಟ್ಟಿಲು ಮತ್ತು ಅನುಪಾತ: ಕಾಸರಗೋಡಿನ ಒಂದು ಮನೆಯ ಲೆಕ್ಕ

ಸಾಹಿತ್ಯದ ವಿದ್ಯಾರ್ಥಿನಿ ಮೆಟ್ಟಿಲಿನ ಲೆಕ್ಕ ಹಿಡ್ಕೊಂಡು ಬಂದಿದ್ದಾಳಲ್ಲ ಅಂತ ಅನಿಸಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ನಾವು ಕಲಿತದ್ದು ‘ಅನುಪಾತ’, ‘ಇಳಿಜಾರು’. ಮನೆ ಕಟ್ಟುವಲ್ಲಿ ಕೇಳುವುದು ಮಲಯಾಳದ ‘ಚರಿವ್’, ಇಂಗ್ಲಿಷಿನ ‘ರೈಸರ್’, ‘ಟ್ರೆಡ್’. ಎರಡೂ ಒಂದೇ ಲೆಕ್ಕ ಅಂತ ಹೊಳೆಯುವುದೇ ತಡವಾಗಿ.

ನಮ್ಮದು ತಗ್ಗಿನ ಹಳೇ ಮನೆ. ಅಟ್ಟ 216 ಸೆಂ.ಮೀ. ಎತ್ತರದಲ್ಲಿದೆ. ಮರದ ಮೆಟ್ಟಿಲಿನ ಒಂದೊಂದು ಏರು 27, ಪಾದ ಊರುವ ಹಾಸು 18. ಏರನ್ನು ಹಾಸಿನಿಂದ ಭಾಗಿಸಿದರೆ ಇಳಿಜಾರು 1.5, ಅಂದರೆ ಸುಮಾರು 56 ಡಿಗ್ರಿ. ಅದು ಏಣಿಯೇ ಸರಿ. ಅಜ್ಜಿ ಹತ್ತುವುದನ್ನು ಬಿಟ್ಟಿದ್ದಾರೆ. ಅವರ ಯಕ್ಷಗಾನ ಪ್ರಸಂಗದ ಪುಸ್ತಕಗಳೆಲ್ಲ ಮೇಲೆಯೇ ಉಳಿದಿವೆ. ರ‍್ಯಾಂಪ್ ಮಾಡೋಣ ಅಂದರು ಮಾವ. 1:12ರ ಅನುಪಾತ ಹಿಡಿದರೆ ಸುಮಾರು 26 ಮೀಟರ್ ಉದ್ದ ಬೇಕು, ಅಂಗಳ ದಾಟಿ ಅಡಿಕೆ ತೋಟಕ್ಕೆ ಹೋಗುತ್ತದೆ!

ಹೊಸ ಮೆಟ್ಟಿಲಿಗೆ ನೆಲದಲ್ಲಿ ಸಿಗುವುದು 275 ಸೆಂ.ಮೀ. ವಾಸದ ಮನೆಗೆ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವಂತೆ ಏರು 19 ಸೆಂ.ಮೀ. ಮೀರಬಾರದು, ಹಾಸು 25ಕ್ಕಿಂತ ಕಡಿಮೆಯಾಗಬಾರದು. 216ನ್ನು 11 ಏರಾಗಿ ಹಂಚಿದರೆ ಒಂದೊಂದು 19.6, ಜಾಸ್ತಿಯಾಯಿತು. 12 ಮಾಡಿದರೆ ಸರಿಯಾಗಿ 18. ಆದರೆ 275ನ್ನೂ 12ರಿಂದ ಭಾಗಿಸಿದರೆ ಹಾಸು 22.9 ಬಂತು, ಸಾಲದು. ಜಾಗ ಇಲ್ಲ ಅಂತ ಕೈಬಿಡುವುದು ಸಾಮಾನ್ಯವಾಗಿ ಇಲ್ಲೇ. ಕೊನೆಯ ಏರು ಹತ್ತಿದ ಮೇಲೆ ಕಾಲಿಡುವುದು ಅಟ್ಟದ ಮೇಲೆ; ಅದಕ್ಕೆ ಬೇರೆ ಹಾಸು ಬೇಡ. 12 ಏರಿಗೆ ಹಾಸು 11 ಮಾತ್ರ. 275ನ್ನು 11ರಿಂದ ಭಾಗಿಸಿದರೆ 25. ಏರು 13 ಮಾಡಿದರೆ 12 ಹಾಸಿಗೆ 300 ಬೇಕು, ಅಷ್ಟು ಜಾಗ ಇಲ್ಲ. ಹಾಗಾಗಿ ನಮ್ಮ ಮನೆಗೆ ಉತ್ತರ ಒಂದೇ. ಇಳಿಜಾರು 18/25, ಅಂದರೆ 0.72, ಸುಮಾರು 36 ಡಿಗ್ರಿ.

ಇನ್ನು ನನಗೆ ಹೆಚ್ಚು ಕುತೂಹಲದ ಮಾತು. 9:12.5, 36:50 ಇವುಗಳ ಅನುಪಾತವೂ 0.72ವೇ. ಕಾಗದದಲ್ಲಿ ಮೂರೂ ಒಂದೇ ಗೆರೆ. ಆದರೆ 36 ಸೆಂ.ಮೀ. ಏರನ್ನು ಅಜ್ಜಿ ಹೇಗೆ ಹತ್ತುವುದು? 12.5ರ ಹಾಸಿನಲ್ಲಿ ಪಾದವೇ ಕೂರುವುದಿಲ್ಲ. ಅನುಪಾತವನ್ನು ಹಿಗ್ಗಿಸಬಹುದು, ಕಾಲನ್ನು ಹಿಗ್ಗಿಸಲಾಗದು. 17ನೇ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೋಂಡೆಲ್ ಹೆಸರಿನ ಸೂತ್ರ ಹುಟ್ಟಿದ್ದು ಈ ಹೆಜ್ಜೆಯ ಅಳತೆಯಿಂದಲೇ: ಏರಿನ ಎರಡರಷ್ಟಕ್ಕೆ ಹಾಸು ಕೂಡಿದರೆ, ಈಗಿನ ಬಳಕೆಯಲ್ಲಿ, 60ರಿಂದ 65 ಸೆಂ.ಮೀ. ಒಳಗೆ ಬರಬೇಕು. ನಮ್ಮ ಹೊಸದಕ್ಕೆ 36+25, ಒಟ್ಟು 61. ಹಳೆಯದಕ್ಕೆ 72.

ಮೇಸ್ತ್ರಿಯವರ ಹತ್ತಿರ ಮೊದಲೇ ಹೇಳಿಡಬೇಕಾದ್ದು ಇನ್ನೊಂದಿದೆ. 216 ಎಂಬುದನ್ನು ಟೈಲ್ ಹಾಕಿದ ನೆಲದಿಂದ ಅಳೆಯಬೇಕು. ಮೆಟ್ಟಿಲು ಮುಗಿದ ಮೇಲೆ ಕೆಳಗೆ ಗಾರೆ, ಟೈಲ್ ಸೇರಿ 3 ಸೆಂ.ಮೀ. ಏರಿದರೆ ಮೊದಲ ಏರು 15, ಉಳಿದವೆಲ್ಲ 18. ಕೆಳಗಿಳಿಯುವಾಗ ಕಾಲು 18ಕ್ಕೆ ಒಗ್ಗಿಹೋಗಿರುತ್ತದೆ. ಕೊನೆಯ ಹೆಜ್ಜೆಗೆ ನೆಲ ಬೇಗ ಸಿಕ್ಕಿ ಮುಗ್ಗರಿಸುವುದು ಅಲ್ಲೇ.