ಉತ್ತರ ಬಾರದಿದ್ದಾಗ ಜಾಲತಾಣ ಏನು ಹೇಳಬೇಕು?

ಸುದ್ದಿಯ ಜಾಲತಾಣವೊಂದರ ಮುಖಪುಟ ಹೊರನೋಟಕ್ಕೆ ಒಂದೇ ಪುಟ. ಒಳಗೆ ಮಾತ್ರ ಅದು ಹಲವರಿಂದ ಕಡ ತಂದು ಕಟ್ಟಿದ ಮನೆ. ಸುದ್ದಿ ತನ್ನದೇ ಸರ್ವರ್‌ನಿಂದ ಬಂದರೆ ಹವಾಮಾನ ಒಂದು ಸಂಸ್ಥೆಯಿಂದ, ಚಿನ್ನದ ದರ ಇನ್ನೊಂದರಿಂದ, ಕ್ರಿಕೆಟ್ ಸ್ಕೋರು ಮತ್ತೊಂದರಿಂದ ಬರುತ್ತದೆ. ಒಂದು ಕಂಪ್ಯೂಟರು ಅಂತರ್ಜಾಲದ ಮೂಲಕ ಇನ್ನೊಂದಕ್ಕೆ ಪ್ರಶ್ನೆ ಕಳಿಸಿ ಉತ್ತರ ಪಡೆಯುವ ಈ ವ್ಯವಸ್ಥೆಗೆ ವೆಬ್ ಸೇವೆ ಎಂದು ಹೆಸರು. ಕೇಳಿದ ಕೂಡಲೇ ಉತ್ತರ ಬಂದರೆ ತೊಂದರೆಯಿಲ್ಲ. ಆದರೆ ಹವಾಮಾನದ ಸರ್ವರ್ ಮೌನವಾದರೆ? ಮುಂದಾಲೋಚನೆಯಿಲ್ಲದೆ ಕಟ್ಟಿದ ತಾಣದಲ್ಲಿ ಧಾರವಾಡದ ಉಷ್ಣಾಂಶವೆಂಬ ಒಂದು ಅಂಕಿಗಾಗಿ ಇಡೀ ಪುಟವೇ ಬಿಳಿಹಾಳೆಯಾಗಿ ಕಾದು ನಿಲ್ಲುತ್ತದೆ.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಮೊದಲ ಉಪಾಯ ಕ್ಯಾಶ್. ಉಚ್ಚಾರಣೆ ನಗದು ಹಣದಂತೆಯೇ ಇದ್ದರೂ ಪದ ಬೇರೆ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಒಮ್ಮೆ ಪಡೆದ ಉತ್ತರವನ್ನು ಬಳಿಯಲ್ಲೇ ಇಟ್ಟುಕೊಂಡು, ಅದೇ ಪ್ರಶ್ನೆ ಮತ್ತೆ ಬಂದಾಗ ದೂರದ ಸರ್ವರನ್ನು ಕಾಡದೆ ಅದನ್ನೇ ಕೊಡುವುದು ಇದರ ಕೆಲಸ. ಔಷಧದ ಪೊಟ್ಟಣಕ್ಕಿರುವಂತೆ ಪ್ರತಿ ಉತ್ತರಕ್ಕೂ ಒಂದು ಅವಧಿ ನಿಗದಿಯಾಗಿರುತ್ತದೆ. ಅವಧಿ ಮುಗಿದೊಡನೆ ಅದನ್ನು ಎಸೆದು ಹೊಸದನ್ನು ತರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಹೊಸದು ಕೈಗೆ ಸಿಗುವ ಮುನ್ನವೇ ಹಳೆಯದನ್ನು ಎಸೆದುಬಿಟ್ಟರೆ ಎರಡೂ ಇಲ್ಲದಂತಾಗುತ್ತದೆ. ಈ ಅನುಭವದಿಂದ ಹುಟ್ಟಿದ್ದು 2010ರಲ್ಲಿ ಮಾರ್ಕ್ ನಾಟಿಂಗ್‌ಹ್ಯಾಮ್ ಬರೆದ ಆರ್‌ಎಫ್‌ಸಿ 5861 ಎಂಬ ದಾಖಲೆ. ಮೂಲ ಸರ್ವರ್ ದೋಷ ತೋರಿದಾಗ ಅವಧಿ ಮೀರಿದ ಉತ್ತರವನ್ನು ಇನ್ನೆಷ್ಟು ಕಾಲ ಕೊಡಬಹುದೆಂದು ತಾಣವೇ ಮುಂಚಿತವಾಗಿ ಸಾರುವ ಕ್ರಮವನ್ನು ಅದು ನಿರೂಪಿಸಿತು. ಸ್ಟೇಲ್-ಇಫ್-ಎರರ್ ಎಂದು ಅದರ ಹೆಸರು.

ಕ್ಯಾಶ್ ಒಂದೇ ಸಾಲದು. ಎಷ್ಟು ಹೊತ್ತು ಕಾಯಬೇಕೆಂಬುದಕ್ಕೂ ಮಿತಿ ಬೇಕು, ಅದೇ ಟೈಮ್‌ಔಟ್. ಪದೇ ಪದೇ ವಿಫಲವಾಗುತ್ತಿರುವ ಸೇವೆಯನ್ನು ಕೆಲಕಾಲ ಕೇಳದೇ ಇರುವ ವ್ಯವಸ್ಥೆಯೂ ಬೇಕು. ಮನೆಯ ವಿದ್ಯುತ್ ಸಂಪರ್ಕಕ್ಕಿರುವ ರಕ್ಷಕ ಸ್ವಿಚ್ಚಿನ ಹೆಸರನ್ನೇ ಎರವಲು ಪಡೆದು ಇದನ್ನು ಸರ್ಕಿಟ್ ಬ್ರೇಕರ್ ಎನ್ನುತ್ತಾರೆ. ಮೈಕೆಲ್ ನೈಗಾರ್ಡ್ ಅವರ 2007ರ ಪುಸ್ತಕವೊಂದು ಈ ಮಾದರಿಯನ್ನು ಜನಪ್ರಿಯಗೊಳಿಸಿತು. ಸ್ವಿಚ್ಚು ಬಿದ್ದಿರುವಷ್ಟು ಹೊತ್ತು ಬಳಕೆದಾರನಿಗೆ ಸಿಗುವುದು ಬದಲಿ ಉತ್ತರ, ಅಂದರೆ ಫಾಲ್‌ಬ್ಯಾಕ್.

ಇದರ ಬೃಹತ್ ಪ್ರಯೋಗವೊಂದನ್ನು ಭಾರತದ ಕ್ರಿಕೆಟ್ ಪ್ರೇಮಿಗಳು ಅರಿವಿಲ್ಲದೆಯೇ ಕಂಡಿದ್ದಾರೆ. 2019ರ ಜುಲೈ 10ರಂದು ಮ್ಯಾಂಚೆಸ್ಟರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ ಸೆಮಿಫೈನಲ್. ಆಗಿನ ಹಾಟ್‌ಸ್ಟಾರ್ ತಾಣದಲ್ಲಿ ಏಕಕಾಲಕ್ಕೆ 2.53 ಕೋಟಿ ವೀಕ್ಷಕರಿದ್ದರು. ಮಾರ್ಟಿನ್ ಗಪ್ಟಿಲ್ ಅವರ ನೇರ ಎಸೆತಕ್ಕೆ ಧೋನಿ ರನೌಟ್ ಆದರು. ಕೋಟ್ಯಂತರ ಮಂದಿಗೆ ಪಂದ್ಯ ಅಲ್ಲಿಗೇ ಮುಗಿಯಿತು. ವೀಕ್ಷಕರು ಹೊರಟರೆ ಹೊರೆ ಇಳಿಯಬೇಕಲ್ಲವೇ? ಹಾಗಾಗುವುದಿಲ್ಲ. ಹಿಂದಿರುಗುವ ಗುಂಡಿ ಒತ್ತಿದವರು ಬಂದು ಬೀಳುವುದು ಮುಖಪುಟಕ್ಕೆ. ಪಂದ್ಯದ ದೃಶ್ಯವನ್ನು ವೀಕ್ಷಕರ ಸಮೀಪದ ಸಂಗ್ರಹಗಳಿಂದಲೇ ಹಂಚಬಹುದು. ಆದರೆ ಮುಖಪುಟ ಪ್ರತಿಯೊಬ್ಬರ ಅಭಿರುಚಿಗೆ ತಕ್ಕ ಶಿಫಾರಸುಗಳನ್ನು ಬೇರೆ ಬೇರೆ ಸೇವೆಗಳಿಂದ ಕೇಳುತ್ತದೆ. ಇಂಥ ಹೊತ್ತಿನಲ್ಲಿ ಶಿಫಾರಸಿನಂಥ ಅಲಂಕಾರದ ಸೇವೆಗಳನ್ನು ತಾವಾಗಿಯೇ ಆರಿಸಿ, ವಿಡಿಯೊದಂಥ ಮುಖ್ಯ ಸೇವೆಗಳನ್ನು ಉಳಿಸಿಕೊಳ್ಳುವ ಏರ್ಪಾಟು ತಮ್ಮಲ್ಲಿತ್ತೆಂದು ಸಂಸ್ಥೆಯ ತಂತ್ರಜ್ಞರು ಬಳಿಕ ವಿವರಿಸಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಮುಖಪುಟ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಸೋಲಿನ ಬೇಸರದಲ್ಲಿರುವವನು ಶಿಫಾರಸು ಗಮನಿಸುವುದು ಅಷ್ಟರಲ್ಲೇ ಇದೆ.

ಇದೇ ಉಪಾಯ ತಪ್ಪಾಗಿ ಜೋಡಣೆಯಾದರೆ ಏನಾದೀತೆಂಬುದಕ್ಕೂ ಉದಾಹರಣೆಯಿದೆ. 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಸ್ಥಗಿತಗೊಂಡಿತು. ಕ್ಯಾಶ್‌ನಲ್ಲಿ ದೋಷಯುಕ್ತ ಮೌಲ್ಯ ಕಂಡರೆ ಮೂಲ ಡೇಟಾಬೇಸ್‌ನಿಂದ ಸರಿಯಾದುದನ್ನು ತರುವ ಸ್ವಯಂಚಾಲಿತ ಕ್ರಮ ಅಲ್ಲಿತ್ತು. ಅಂದು ಮೂಲದಲ್ಲಿದ್ದ ಮೌಲ್ಯವನ್ನೇ ಬದಲಿಸಲಾಗಿತ್ತು; ಹೊಸ ಮೌಲ್ಯವನ್ನು ಆ ಕ್ರಮ ದೋಷವೆಂದು ಬಗೆಯಿತು. ಎಲ್ಲ ಯಂತ್ರಗಳೂ ಒಮ್ಮೆಲೇ ಡೇಟಾಬೇಸಿನತ್ತ ಧಾವಿಸಿದವು. ಸೆಕೆಂಡಿಗೆ ಲಕ್ಷಾಂತರ ಪ್ರಶ್ನೆಗಳು. ಡೇಟಾಬೇಸ್ ತತ್ತರಿಸಿ ಉತ್ತರಿಸದೆ ಹೋದಾಗ ಯಂತ್ರಗಳು ಆ ವೈಫಲ್ಯವನ್ನೂ ‘ಮೌಲ್ಯ ತಪ್ಪಾಗಿದೆ’ ಎಂದೇ ಓದಿಕೊಂಡು ಕ್ಯಾಶ್‌ನಲ್ಲಿದ್ದುದನ್ನು ಅಳಿಸಿಹಾಕಿದವು. ಅಳಿಸಿದ್ದರಿಂದ ಮತ್ತೆ ಪ್ರಶ್ನೆ, ಮತ್ತೆ ವೈಫಲ್ಯ. ಮೂಲ ದೋಷ ಸರಿಹೋದ ಮೇಲೂ ಈ ಸುಳಿ ನಿಲ್ಲಲಿಲ್ಲ. ಕೊನೆಗೆ ಡೇಟಾಬೇಸಿಗೆ ಹೋಗುವ ಎಲ್ಲ ಬೇಡಿಕೆಯನ್ನೂ ತಡೆಯಬೇಕಾಯಿತು. ಅಂದರೆ ತಾಣವನ್ನೇ ಮುಚ್ಚಿ, ನಿಧಾನವಾಗಿ ಜನರನ್ನು ಒಳಬಿಡಬೇಕಾಯಿತು.

ಹಾನಿಯ ಬೇರು ಇರುವುದು ಇಲ್ಲಿಯೇ. ‘ಉತ್ತರ ಸಿಗಲಿಲ್ಲ’ ಎಂಬುದನ್ನು ‘ಉತ್ತರ ಇಲ್ಲ’ ಎಂದು ಯಂತ್ರ ಅರ್ಥೈಸಿತು. ಇಂಥ ಗೊಂದಲ ದೊಡ್ಡ ಸಂಸ್ಥೆಗಳಿಗೆ ಮೀಸಲಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನು ನೆನೆಯಬಹುದು. ಡೇಟಾಬೇಸ್ ಬಳಲಿ ಉತ್ತರಿಸದೆ ಹೋದಾಗ ಪುಟವೊಂದು ‘ಈ ನೋಂದಣಿ ಸಂಖ್ಯೆ ಲಭ್ಯವಿಲ್ಲ’ ಎಂದು ತೋರಿಸಿದರೆ, ತಂತ್ರಜ್ಞನ ಪಾಲಿಗೆ ಅದು ಖಾಲಿ ಉತ್ತರ, ಪರದೆಯ ಮುಂದೆ ಕುಳಿತ ಹುಡುಗಿಯ ಪಾಲಿಗೆ ಒಂದು ವರ್ಷ. ‘ಸರ್ವರ್ ಉತ್ತರಿಸುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ’ ಎಂಬ ಸಾಲನ್ನು ಬರೆಯಲು ಹೆಚ್ಚಿನ ಖರ್ಚೇನೂ ಇಲ್ಲ. ಪ್ರಕಟವಾದ ಅಂಕಪಟ್ಟಿ ಮರುಮೌಲ್ಯಮಾಪನದವರೆಗೆ ಬದಲಾಗುವುದೂ ಇಲ್ಲವಾದ್ದರಿಂದ ಕ್ಯಾಶ್‌ಗೆ ಇದಕ್ಕಿಂತ ಯೋಗ್ಯವಾದ ಮಾಹಿತಿ ಸಿಗುವುದು ಕಷ್ಟ.

ಎಲ್ಲ ಮಾಹಿತಿಯೂ ಹಾಗಲ್ಲ. ಚಿನ್ನದ ದರ ಒಂದು ಗಂಟೆ ಹಳೆಯದಾದರೆ, ‘ಬೆಳಿಗ್ಗೆ 10ರ ದರ’ ಎಂದು ಪಕ್ಕದಲ್ಲೇ ನಮೂದಿಸಿದ್ದರೆ, ಓದುಗನಿಗೆ ಮೋಸವಾಗದು. ಸಮಯ ನಮೂದಿಸದಿದ್ದರೆ ಅದೇ ಅಂಕಿ ಸುಳ್ಳಾಗುತ್ತದೆ. ತತ್ಕಾಲ್ ಟಿಕೆಟಿನ ವೇಳೆಯಲ್ಲಿ ಒಂದು ನಿಮಿಷದ ಹಿಂದಿನ ಸೀಟುಗಳ ಸಂಖ್ಯೆ ನಂಬಲಾಗದ್ದು. ಭಾರಿ ಮಳೆಯ ಎಚ್ಚರಿಕೆಯ ಸೇವೆ ಕೈಕೊಟ್ಟಾಗ ನಿನ್ನೆಯ ‘ಶುಭ್ರ ಆಕಾಶ’ದ ಚಿತ್ರವನ್ನು ತೋರಿಸುವುದಕ್ಕಿಂತ ಆ ಜಾಗವನ್ನು ಖಾಲಿ ಬಿಡುವುದೇ ಲೇಸು.

ಹಣ ಪಾವತಿಯಲ್ಲಂತೂ ಬದಲಿ ಉತ್ತರಕ್ಕೆ ಎಡೆಯೇ ಇಲ್ಲ. ಅತ್ತಲಿನ ಬ್ಯಾಂಕಿನಿಂದ ಮಾತು ಬಾರದಿದ್ದಾಗ ಹಣ ಸಂದಿರಲೂಬಹುದು, ಸಂದಿರದೆಯೂ ಇರಬಹುದು. ಆಗ ‘ವಿಫಲ’ ಎಂದು ತೋರಿಸಿದರೆ ಗ್ರಾಹಕ ಮತ್ತೊಮ್ಮೆ ಪಾವತಿಸುತ್ತಾನೆ. ‘ಯಶಸ್ವಿ’ ಎಂದರೆ ಅಂಗಡಿಯವನು ಸರಕು ಕೊಟ್ಟುಬಿಡುತ್ತಾನೆ. ಯುಪಿಐ ಆ್ಯಪ್‌ಗಳಲ್ಲಿ ಆಗಾಗ ಕಾಣಿಸಿಕೊಂಡು ಅಂಗಡಿ ಮುಂದೆ ನಿಂತವರ ಸಹನೆ ಕೆಡಿಸುವ ‘ಪೆಂಡಿಂಗ್’ ಎಂಬ ಪದ ಅಲ್ಲಿರುವುದು ಈ ಕಾರಣಕ್ಕೆ.